ಮೂಗುದಾರ

ಹಗ್ಗ ಸಡಿಲಾಗಿದೆ — ಮೊದಲು ಕಂಡದ್ದು ಹಗ್ಗವೇ, ಆಮೇಲೆ ಅದರ ಎರಡು ತುದಿಯ ಗಾಡಿಗಳು, ಮುಂದೆ ಟ್ರ್ಯಾಕ್ಟರ್, ಹಿಂದೆ ಕೆಟ್ಟುನಿಂತ ಭತ್ತದ ಲಾರಿ, ನಡುವೆ ಡಾಂಬರಿಗೆ ತಾಗುವಷ್ಟು ಜೋತ ನೈಲಾನ್ ಹಗ್ಗ, ಅದಕ್ಕೊಂದು ಕೆಂಪು ಚಿಂದಿ, ಆ ಚಿಂದಿಯ ಪಕ್ಕದಲ್ಲೇ ಹಗ್ಗದ ಆಚೆಗೊಂದು ಈಚೆಗೊಂದು ಕಾಲಿಟ್ಟು ಲಾರಿಯವನು ಫೋನಿನಲ್ಲಿ ಮಾತಾಡುತ್ತಿದ್ದಾನೆ, ಟ್ರ್ಯಾಕ್ಟರಿನವನು ಕ್ಲಚ್ಚಿನಿಂದ ಕಾಲು ತೆಗೆದರೆ ಸಾಕು, ಸಡಿಲವೆಲ್ಲ ಒಂದೇ ಏಟಿಗೆ ಬಿಗಿಯಾಗಿ ಈ ಮನುಷ್ಯನನ್ನು ಎತ್ತಿ ಒಗೆಯುತ್ತದೆ, ಹೇಳಬೇಕು, ಹುಲುಗೇಶ ಬಸ್ಸಿನ ಕಿಟಕಿಯ ಸರಳು ಹಿಡಿದು ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ಬಸ್ಸು ಲಾರಿಯನ್ನು ದಾಟಿ ಕಮಲಾಪುರದ ಕೆರೆಯ ಏರಿಗೆ ಬಂದಿರುತ್ತದೆ, ತೆರೆದ ಬಾಯಿಯನ್ನು ಮುಚ್ಚಿಕೊಳ್ಳುತ್ತಾನೆ, ಏನಂತ ಕೂಗುತ್ತಿದ್ದೆ ನೀನು, ಏನಂತ, ಕೂಗುವುದನ್ನು ನಿಲ್ಲಿಸಿ ಆರು ವರ್ಷವಾಯಿತು. ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಉರುಳಿದರೆ ಕ್ರೇನ್ ತಗೊಂಡು ಹೋಗುವವರು ಅವನು ಮತ್ತು ಕೊಟ್ರಯ್ಯ, ಕೊಟ್ರಯ್ಯ ಸ್ಟೇರಿಂಗಿಗೆ, ಅವನು ಕೆಳಗೆ ಕೊಕ್ಕೆಗೆ, ಬಾಯಲ್ಲಿ ಒಂದು ಮಾತಿಲ್ಲ, ಎಲ್ಲ ಕೈಸನ್ನೆ, ಮುಷ್ಟಿ ಎತ್ತಿದರೆ ನಿಲ್ಲು, ಅಂಗೈ ಕೆಳಗೆ ಮಾಡಿದರೆ ಇಳಿಸು, ಕೊಟ್ರಯ್ಯನಿಗೆ ಅದೊಂದು ತಮಾಷೆ, ಏನ್ರೀ ಪೆಟ್ಟಿಗಿ ಆಫೀಸರ್ರ, ನೇವ್ಯಾಗ ಬಾಯಿ ಜಮಾ ಮಾಡಿ ಬಂದೀರೇನು, ಪೆಟ್ಟಿ ಆಫೀಸರ್ ಅನ್ನುವ ಹುದ್ದೆ ಅವನ ಬಾಯಲ್ಲಿ ಯಾವಾಗಲೂ ಪೆಟ್ಟಿಗೆಯೇ, ಅವನಿಗೇನು ಗೊತ್ತು, ಹುಲುಗೇಶ ಕೊನೆಯ ಸಲ ಸಮವಸ್ತ್ರ ಹಾಕಿಕೊಂಡು ಕಂಪ್ಲಿಗೆ ಬಂದಿದ್ದು ಒಂದು ಪೆಟ್ಟಿಗೆಯ ಜೊತೆಗೇ, ಇದೇ ರಸ್ತೆಯಲ್ಲಿ, ಪೆಟ್ಟಿಗೆಯೊಳಗೆ ಅವನದೇ ಓಣಿಯ ಗಾಳೆಪ್ಪ — ಕಿತ್ತಳೆ ಕೈಗವಸು, ಒಂದು ಸುತ್ತು, ಎರಡು ಸುತ್ತು — ಬೇಡ, ಈಗ ಬೇಡ, ಕೆರೆ ನೋಡು, ಕೆರೆಯಲ್ಲಿ ಎಮ್ಮೆಗಳಿವೆ.

ಫೋನ್ ನಡುಗುತ್ತದೆ, ಕನಕರಾಜ, ಅಣ್ಣ ಎಲ್ಲಿದ್ದಿ, ಕಮಲಾಪುರ ದಾಟಿದ್ಯಾ, ಜಲ್ದಿ ಬಾರಪ್ಪ, ಮಂದಿ ಕುಂತಾರ, ಪೆಂಡಾಲ್ ಮಸ್ತ್ ಆಗೇತಿ, ಫ್ಲೆಕ್ಸ್ ನೋಡಿದ್ಯಾ, ಹೆಂಗೈತಿ ಹೇಳು. ಕನಕರಾಜ ಕಂಪ್ಲಿಯ ಕೋಟೆ ಓಣಿಯ ಯುವಕ ಸಂಘದ ಅಧ್ಯಕ್ಷ, ಹುಟ್ಟಿದಾಗಿನಿಂದಲೂ ಅಧ್ಯಕ್ಷನೇ ಇದ್ದಂತೆ ಮಾತಾಡುತ್ತಾನೆ, ಹೊಳೆಗೆ ಹೋಗುವ ರಸ್ತೆಯಲ್ಲಿ ಸಂಘ ಒಂದು ಬಸ್ ತಂಗುದಾಣ ಕಟ್ಟಿಸಿದೆ, ಅದಕ್ಕೆ ಗಾಳೆಪ್ಪನ ಹೆಸರು, ಇವತ್ತು ಹನ್ನೊಂದಕ್ಕೆ ಉದ್ಘಾಟನೆ, ಗಾಳೆಪ್ಪನ ಕೊನೆಯ ಕ್ಷಣಗಳ ಬಗ್ಗೆ ಮಾತಾಡಲು ಹುಲುಗೇಶ, ಆಹ್ವಾನ ಪತ್ರಿಕೆಯಲ್ಲಿ ಹಾಗೇ ಅಚ್ಚಾಗಿದೆ, ಕೊನೆಯ ಕ್ಷಣಗಳ ಪ್ರತ್ಯಕ್ಷದರ್ಶಿ, ಕ್ಷಣಗಳು ಅಂದರೆ ಎಷ್ಟು, ಎಣಿಸಿದರೆ ಆರೋ ಏಳೋ, ಎಣಿಸಿದ್ದಾನೆ, ಊಟ ಮಾಡುವಾಗ, ಹಲ್ಲುಜ್ಜುವಾಗ. ಫ್ಲೆಕ್ಸಿನ ಚಿತ್ರವನ್ನು ನಿನ್ನೆಯೇ ಕಳಿಸಿದ್ದ, ಗಾಳೆಪ್ಪನ ಮುಖ ಆಧಾರ್ ಕಾರ್ಡಿನಿಂದ ತೆಗೆದದ್ದು, ಹಿಂದೆ ವಿಮಾನಗಳು ಇಳಿಯುವ ಭಾರಿ ಹಡಗು, ಹಡಗಿನ ಬೆನ್ನಿಗೆ ಯಾವುದೋ ಬೇರೆ ದೇಶದ ಬಾವುಟ, ಇದು ನಮ್ಮದಲ್ಲ ಕನಕರಾಜ, ನಮ್ಮದು ಬೇರೆ ಹಡಗು ಎಳೆಯುವ ಟಗ್, ಫೋಟೋ ನಾನೇ ಕಳಿಸಿದ್ದೆನಲ್ಲ ಅಂದರೆ, ಅಯ್ಯ ಅಣ್ಣ, ಅದೇನು ಹಡಗು ಕಂಡಂಗ ಕಾಣ್ತೈತೇನು, ಡ್ಯಾಮಿನ್ಯಾಗ ಹೂಳ ಎತ್ತೋ ದೋಣಿ ಇದ್ದಂಗೈತಿ, ಒಂದು ಗನ್ನಿಲ್ಲ ಏನಿಲ್ಲ, ಮಂದಿ ನಗ್ತಾರ. ನಗಲಿ. ನಗಬೇಕಾದದ್ದೇ. ನೇವಿ ಅಂದರೆ ಊರಿಗೆ ಫಿರಂಗಿ, ಬಿಳಿ ಟೋಪಿ, ಜನವರಿಯ ಪರೇಡು, ಒಬ್ಬ ಎಳೆಯುವವನೂ ಬೇಕು ಅಂತ ಯಾರಿಗೆ ಹೊಳೆಯುತ್ತದೆ, ಎಂಜಿನ್ ಕೆಟ್ಟ ಹಡಗನ್ನು ಸಮುದ್ರದ ನಡುವಿನಿಂದ ಬಂದರಿಗೆ ಎಳೆದು ತಂದವರು ಯಾರು, ಬೇರೆ ಹಡಗುಗಳು ಗುರಿಯಿಟ್ಟು ಹೊಡೆದು ಕಲಿಯಲಿ ಅಂತ ಹೊಡೆಸಿಕೊಳ್ಳುವ ತೆಪ್ಪವನ್ನು ಅವುಗಳ ಮುಂದೆ ಎಳೆದುಕೊಂಡು ಓಡಾಡಿದವರು ಯಾರು, ಗುಂಡು ಹಾರಿಸಿದವರಿಗೆ ಚಪ್ಪಾಳೆ, ಗುರಿಯನ್ನು ಎಳೆದವರಿಗೆ ಮತ್ತೆ ಇನ್ನೊಂದು ಗುರಿ. ಆ ಟಗ್ಗಿಗೊಂದು ಆನೆಯ ಹೆಸರಿತ್ತು, ಗಾಳೆಪ್ಪ ಅದನ್ನು ಎತ್ತು ಅನ್ನುತ್ತಿದ್ದ, ಆನಿ ಎಲ್ಲಣ್ಣ ಇದು, ಎತ್ತು, ಒಂಟೆತ್ತು, ಗಾಡಿ ಯಾರದೋ, ಸರಕು ಯಾರದೋ, ಎಳಿಯೋದಷ್ಟ ನಂದು.

ಗಾಳೆಪ್ಪನಿಗೆ ಹೀಗೆ ಎಲ್ಲಕ್ಕೂ ಊರಿನ ಹೆಸರಿಡುವ ಚಟ, ಹಗ್ಗ ಸುತ್ತುವ ವಿಂಚು ಗಾಣ, ಅಡುಗೆಮನೆ ಚತ್ರ, ಕ್ಯಾಪ್ಟನ್ ಗೌಡ್ರು, ಹಾಗೆಯೇ ಮೂಗುದಾರ — ಹಿಂದೆ ಬರುವ ಹಡಗಿಗೆ ಕಟ್ಟಿದ ಮಣಿಕಟ್ಟಿನ ದಪ್ಪದ ಉಕ್ಕಿನ ತಂತಿ ಎಡಕ್ಕೂ ಬಲಕ್ಕೂ ಹೊಯ್ದಾಡದ ಹಾಗೆ ಅದನ್ನು ಡೆಕ್ಕಿನ ನಟ್ಟನಡುವೆ ಒತ್ತಿ ಹಿಡಿಯುವ ಇನ್ನೊಂದು ಹಗ್ಗವಿರುತ್ತದೆ, ಅದರ ತುದಿಯನ್ನು ಕಬ್ಬಿಣದ ಗೂಟಕ್ಕೆ ಮೂರು ಸುತ್ತು ಸುತ್ತಿರುತ್ತಾರೆ, ಪುಸ್ತಕದಲ್ಲಿ ಅದಕ್ಕೆ ಇಂಗ್ಲಿಷಿನ ಹೆಸರು, ಅವರಿಬ್ಬರ ನಡುವೆ ಮೂಗುದಾರ, ಆ ಮೂಗುದಾರ ಇಲ್ಲವಾದರೆ ತಂತಿ ಪಕ್ಕಕ್ಕೆ ಸಿಡಿದು ದಾರಿಗೆ ಸಿಕ್ಕಿದ್ದನ್ನೆಲ್ಲ ಗುಡಿಸಿ ಹಾಕುತ್ತದೆ, ಟಗ್ಗನ್ನೇ ಮಗುಚುತ್ತದೆ. ಇದನ್ನು ಗಾಳೆಪ್ಪನಿಗೆ ಕಲಿಸಿದವನು ಹುಲುಗೇಶ, ನೇವಿಗೆ ಸೇರಿಸಿದವನೂ ಅವನೇ, ರಜೆಗೆ ಬಂದಾಗ ಹಂಪಿಯ ಚಕ್ರತೀರ್ಥದಲ್ಲಿ ಪ್ರವಾಸಿಗಳನ್ನು ಕೂಡಿಸಿಕೊಂಡು ಹರಿಗೋಲನ್ನು ಬುಗುರಿಯ ಹಾಗೆ ತಿರುಗಿಸಿ ಕಿರುಚಿಸುತ್ತಿದ್ದ ಹುಡುಗನ ಕೈಗೆ ಅರ್ಜಿ ಕೊಟ್ಟು ಇದಕ್ಕೆ ಸಹಿ ಹಾಕಲೇ ಅಂದಿದ್ದ, ಎಂಟು ವರ್ಷ ಚಿಕ್ಕವನು, ಒಂದೇ ಓಣಿ, ಇಬ್ಬರ ಅಪ್ಪಂದಿರದೂ ಹರಿಗೋಲು, ಹಾಗೆ ಒಂದೇ ಟಗ್ಗಿಗೆ ಇಬ್ಬರೂ ಬಂದುಬಿಟ್ಟಿದ್ದು ಯಾವ ಪುಣ್ಯವೋ ಅಂತ ಆಗ ಅನಿಸಿತ್ತು, ಮೂವತ್ತು ಜನರಲ್ಲಿ ಕನ್ನಡ ಇಬ್ಬರಿಗೇ, ಅದರಲ್ಲೂ ಹೊಳೆದಂಡೆಯ ಕನ್ನಡ, ಡೆಕ್ಕಿನ ಮೇಲೆ ಆಡಬಾರದು ಅಂತ ನಿಯಮ, ಕೆಲಸದ ಹೊತ್ತಿನಲ್ಲಿ ಇಂಗ್ಲಿಷ್ ಆರ್ಡರುಗಳು ಮಾತ್ರ, ಒಂದು ಶಬ್ದಕ್ಕೆ ಒಂದೇ ಅರ್ಥ, ಅದಕ್ಕೇ ಆ ನಿಯಮ, ಅದು ಯಾಕೆ ಅಂತ ಆಮೇಲೆ ಗೊತ್ತಾಯಿತು, ಆಗ ಅದು ಉತ್ತರದವರ ದಿಮಾಕು ಅಂತ ಇಬ್ಬರೂ ಬೈದುಕೊಂಡು ಬೇಕಂತಲೇ ಕನ್ನಡ ಆಡುತ್ತಿದ್ದರು, ಬೀಡಿ ಕದ್ದು ಸೇದಿದ ಹಾಗೆ.

ರಾಮಸಾಗರ. ಬಾಳೆತೋಟ. ಪಕ್ಕದ ಸೀಟಿನ ಹೆಂಗಸು ಕಂಡಕ್ಟರಿಗೆ, ಹೊಳಿಗೆ ನೀರು ಬಿಟ್ಟಾರೇನ್ರಿ, ಸೇತುವಿ ಮ್ಯಾಲ ಬಂದೈತೇನು, ಇಲ್ಲಮ್ಮ, ಇನ್ನಾ ಬಿಟ್ಟಿಲ್ಲ, ಬಿಟ್ರ ಹೇಳ್ತಾರ, ಬಿಡ್ರಿ ಈಗ್ಯಾಕ ಅದು. ಎಷ್ಟು ಸಲ ಅಂದರು, ನಾಲ್ಕು, ಹುಲುಗೇಶನ ಕಿವಿ ಅದನ್ನೇ ಹೆಕ್ಕುತ್ತದೆ, ಆ ಒಂದು ಮಾತಿಲ್ಲದೆ ಕನ್ನಡದಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ, ನೀರು ಬಿಡು, ಕೈ ಬಿಡು, ಚಿಂತೆ ಬಿಡು, ತಿಂದುಬಿಡು, ಬಂದುಬಿಡು, ಸತ್ತೇಬಿಟ್ಟ — ಆ ದಿನ ಬೆಳಗಿನ ಹನ್ನೊಂದೂವರೆ, ಬಿಸಿಲಿತ್ತು, ಕನ್ಯಾಕುಮಾರಿಗೆ ಇನ್ನೊಂದು ದಿನದ ದಾರಿ, ಹಿಂದೆ ಅರ್ಧ ಕಿಲೋಮೀಟರ್ ದೂರದಲ್ಲಿ ಒಂದು ಹಳೆಯ ಯುದ್ಧನೌಕೆ, ಎಂಜಿನ್ ಕಳಚಿದ್ದು, ಫಿರಂಗಿ ಬಿಚ್ಚಿದ್ದು, ಒಳಗೆ ಒಬ್ಬ ಮನುಷ್ಯನಿಲ್ಲ, ಗುಜರಿಗೆ ಹೋಗುತ್ತಿರುವ ಹೆಣ, ಅದು ಬಂದರು ಬಿಡುವಾಗ ಬ್ಯಾಂಡ್ ಬಾರಿಸಿದ್ದರು, ಮುದುಕ ಅಧಿಕಾರಿಗಳು ಸೆಲ್ಯೂಟ್ ಹೊಡೆದು ಕಣ್ಣೊರೆಸಿಕೊಂಡಿದ್ದರು, ಅದನ್ನು ಎಳೆಯುವ ಎತ್ತಿನ ಕಡೆ ಯಾರೂ ನೋಡಲಿಲ್ಲ, ಸಂಡೂರಿನ ಗುಡ್ಡ ಅಗೆದು ಕಬ್ಬಿಣ ಮಾಡಿ ಹಡಗು ಮಾಡಿ ಮತ್ತೆ ಕರಗಿಸೋಕ ಒಯ್ತಾರ ನೋಡಣ್ಣ, ನಡುವ ನಮ್ದೊಂದು ಮೆರವಣಿಗಿ ಅಂತ ಗಾಳೆಪ್ಪ ನಕ್ಕಿದ್ದ, ಮಧ್ಯಾಹ್ನಕ್ಕೆ ಮುಂಚೆ ಗಾಳಿ ತಿರುಗಿತು, ಆ ಹೆಣ ಬಲಕ್ಕೆ ಸರಿಯತೊಡಗಿತು, ತಂತಿಯೂ ಅದರ ಜೊತೆಗೆ ಬಲಕ್ಕೆ, ಮೂಗುದಾರ ಕಿರ್ರನೆ ಅಳತೊಡಗಿತು, ಗೂಟದಿಂದ ಹೊಗೆ, ಗೂಟದ ಹತ್ತಿರ ಗಾಳೆಪ್ಪ ಬಗ್ಗಿ ಸುತ್ತುಗಳನ್ನು ನೋಡುತ್ತಿದ್ದಾನೆ, ಹಗ್ಗ ಹರಿಯುತ್ತದೆ ಅಂತ ಹುಲುಗೇಶನಿಗೆ ಖಾತ್ರಿಯಾಯಿತು, ಹರಿದರೆ ಹುಡುಗ ಅಲ್ಲಿರಬಾರದು, ಹಗ್ಗವನ್ನು ಮುಟ್ಟದೆ, ಅದನ್ನು ಅದರ ಪಾಡಿಗೆ ಇರಗೊಟ್ಟು, ವಿಂಚಿನ ಹಿಂದಿನ ಗೋಡೆಯ ಮರೆಗೆ ಓಡಿಬರಬೇಕು, ಅದಕ್ಕೆ ಇಂಗ್ಲಿಷಿನಲ್ಲಿ ಎರಡು ಶಬ್ದದ ಆರ್ಡರಿದೆ, ಸ್ಟ್ಯಾಂಡ್ ಕ್ಲಿಯರ್, ಸಾವಿರ ಸಲ ಕೂಗಿದ್ದಾನೆ ಅದನ್ನು, ಆದರೆ ಜೀವಭಯ ಬಂದಾಗ ಬಾಯಿಗೆ ಬಂದದ್ದು ಮನೆಯ ಮಾತು, ಬಿಡಲೇ, ಗಾಳ್ಯಾ, ಬಿಡು. ಅದರ ಗೊಡವೆ ಬಿಟ್ಟು ಬಾ ಅಂತ. ಹೊಳೆದಂಡೆಯಲ್ಲಿ ಹಗ್ಗ ಹಿಡಿದು ನಿಂತವನಿಗೆ ಬಿಡು ಅಂದರೆ ಒಂದೇ ಅರ್ಥ, ಹಗ್ಗ ಬಿಚ್ಚು. ಗಾಳೆಪ್ಪ ತಿರುಗಿ ನೋಡಿದ, ಅವನ ತುಟಿ ಅಲ್ಲಾಡಿತು, ಹುಲುಗೇಶ ಮತ್ತೆ ಕೂಗಿದ, ಕಿತ್ತಳೆ ಕೈಗವಸಿನ ಎರಡೂ ಕೈ ಗೂಟದ ಮೇಲೆ, ಅಲೆ ಇಳಿದ ಒಂದು ಗಳಿಗೆಯ ಸಡಿಲಿನಲ್ಲಿ ಒಂದು ಸುತ್ತು ತೆಗೆದ, ಎರಡು ಸುತ್ತು, ಮೂರನೆಯದು ತಾನಾಗೇ ಹಾರಿತು, ತಂತಿ ಮೇಲೆದ್ದು ಪಕ್ಕಕ್ಕೆ ಬಂತು, ಅಷ್ಟೇ. ಟಗ್ ಒಂದು ಮಗ್ಗುಲಿಗೆ ವಾಲಿ, ನೀರು ಕುಡಿದು, ಮತ್ತೆ ಎದ್ದು ನಿಂತಿತು. ಹಗ್ಗವನ್ನು ಆಮೇಲೆ ಪರೀಕ್ಷಿಸಿದರು, ಒಂದು ಎಳೆಯೂ ಕಿತ್ತಿರಲಿಲ್ಲ, ಅದು ಹರಿಯುತ್ತಲೇ ಇರಲಿಲ್ಲ.

ವಿಚಾರಣೆಯಲ್ಲಿ ಮೇಜಿನ ಆಚೆ ಮೂವರು, ಕೇಳಿದ್ದು ಇಂಗ್ಲಿಷಿನಲ್ಲಿ, ನೀನು ಏನು ಆರ್ಡರ್ ಕೊಟ್ಟೆ, ಸ್ಟ್ಯಾಂಡ್ ಕ್ಲಿಯರ್ ಸರ್, ಅವನಿಗೆ ಕೇಳಿಸಿತೆ, ಕೇಳಿಸಿತು ಸರ್, ನನ್ನ ಕಡೆ ನೋಡಿದ, ನೋಡಿಯೂ ಬರಲಿಲ್ಲವೆ, ಬರಲಿಲ್ಲ ಸರ್. ಪಾಪ, ಅವರ ತಪ್ಪೇನಿಲ್ಲ, ಅವರಿಗೆ ಕೊಟ್ಟದ್ದನ್ನು ಅವರು ಬರೆದುಕೊಂಡರು, ಆರ್ಡರ್ ಪಾಲಿಸದೆ ಹಗ್ಗ ಬಿಚ್ಚಿದ, ಅಂತ. ಸುಳ್ಳು ಹೇಳಬೇಕು ಅಂತ ಒಳಗೆ ಹೋಗಿರಲಿಲ್ಲ, ಆರ್ಡರ್ ಅಂದಾಗ ಬಾಯಿಗೆ ಆರ್ಡರೇ ಬಂತು, ಬಿಡು ಅನ್ನುವುದನ್ನು ಆ ಮೂವರಿಗೆ ಹೇಗೆ ತಿಳಿಸುವುದು, ಲೀವ್ ಇಟ್ ಅನ್ನುವುದೋ ಲೆಟ್ ಗೋ ಅನ್ನುವುದೋ — ಇಲ್ಲ, ಇದೂ ನೆಪ, ತಿಳಿಸಬಹುದಿತ್ತು, ನಾಲ್ಕು ನಿಮಿಷದ ಕೆಲಸ, ಹೆದರಿದೆ. ಪೆಟ್ಟಿಗೆ ತಗೊಂಡು ಬಂದಾಗ ಗಾಳೆಪ್ಪನ ಅಕ್ಕ ದ್ಯಾಮಕ್ಕ ಹೊಳೆಯಿಂದ ಬಂದಳು, ತಾಯಿ ಸತ್ತಮೇಲೆ ಅವನನ್ನು ಬೆಳೆಸಿದವಳು, ಅಪ್ಪನಿಗೆ ಲಕ್ವ ಹೊಡೆದಮೇಲೆ ಹರಿಗೋಲು ಹಾಕಿದವಳೂ ಅವಳೇ, ಈಗ ಮೀನು ಮಾರುತ್ತಾಳೆ, ಅತ್ತಿರಲಿಲ್ಲ, ಏನಾತು ಹುಲುಗ್ಯಾ ಅಂದಳು, ಇವನು ಮೂವರಿಗೆ ಹೇಳಿದ್ದನ್ನೇ ನಾಲ್ಕನೆಯವಳಿಗೂ ಹೇಳಿದ, ಬಾ ಅಂತ ಕರದೆ ಅಕ್ಕ, ಬರಲಿಲ್ಲ. ಅವಳ ಮುಖ ಗಟ್ಟಿಯಾದದ್ದನ್ನು ಕಣ್ಣಾರೆ ಕಂಡ, ಮೊಂಡ, ಸಣ್ಣಾಂವ ಇದ್ದಾಗಿಂದ ಮೊಂಡ, ಯಾರ ಮಾತು ಕೇಳ್ಯಾನ. ಆ ಮಾತು ಓಣಿಯೆಲ್ಲ ಹಬ್ಬಿತು, ಮಕ್ಕಳಿಗೆ ಬೈಯುವಾಗ ಗಾಳೆಪ್ಪನಂಗ ಆಗ್ತಿ ನೋಡು ಅನ್ನತೊಡಗಿದರು, ನೇವಿಯವರು ಕೊಟ್ಟ ಫೋಟೋವನ್ನು ದ್ಯಾಮಕ್ಕ ಗೋಡೆಗೆ ಹಾಕಲಿಲ್ಲ, ಕರದ್ರ ಬರಲಾರದಾಂವಗ ಗ್ವಾಡಿ ಯಾಕ ಅಂದು ಬಟ್ಟೆಯ ಟ್ರಂಕಿನ ತಳಕ್ಕೆ ಹಾಕಿದಳಂತೆ, ಆರು ವರ್ಷದಿಂದ ಒಬ್ಬ ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದಾಳೆ, ಅವಳ ಸಿಟ್ಟು ತಪ್ಪಿದ ವಿಳಾಸಕ್ಕೆ ಹೋಗುತ್ತಿದೆ, ಸರಿಯಾದ ವಿಳಾಸ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಬಾಡಿಗೆ ಮನೆಯಲ್ಲಿದೆ, ಬೆಳಿಗ್ಗೆ ಇಡ್ಲಿ ತಿನ್ನುತ್ತದೆ, ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭಾಷಣಕ್ಕೆ ಹೊರಟಿದೆ. ಹೇಳುತ್ತೇನೆ ಇವತ್ತು. ಕಮಲಾಪುರದಲ್ಲಿ ಹೇಳುತ್ತೇನೆ ಅನಿಸಿತ್ತು, ರಾಮಸಾಗರದಲ್ಲಿ ಬೇಡ ಅನಿಸಿತು, ಕಂಪ್ಲಿ ಬಂದುಬಿಟ್ಟಿತು.

ಶಾಲು, ಹಾರ, ಇಳಿದವನನ್ನು ಕನಕರಾಜ ಅಪ್ಪಿಕೊಂಡು ವೇದಿಕೆಗೆ ಹತ್ತಿಸುತ್ತಾನೆ, ತಂಗುದಾಣಕ್ಕೆ ಹಚ್ಚಿದ ಬಣ್ಣ ಇನ್ನೂ ಹಸಿ, ಕೂತ ಅಜ್ಜನೊಬ್ಬನ ಪಂಚೆಗೆ ನೀಲಿ ಹತ್ತಿದೆ, ಫ್ಲೆಕ್ಸಿನಲ್ಲಿ ಬೇರೆ ದೇಶದ ಹಡಗು ಗಾಳಿಗೆ ಉಬ್ಬುತ್ತಿದೆ, ದ್ಯಾಮಕ್ಕ ವೇದಿಕೆಯ ತುದಿಯ ಕುರ್ಚಿಯಲ್ಲಿ, ಕರೆತಂದು ಕೂಡಿಸಿದ್ದಾರೆ, ಸೆರಗಿಗೆ ಮೀನಿನ ವಾಸನೆ, ಕೊರಳಿನ ಹಾರ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಾಳೆ, ಇವನ ಕಡೆ ನೋಡಿ ಆರಾಮೇನಪ್ಪ ಅನ್ನುತ್ತಾಳೆ, ಆರಾಮಕ್ಕ. ಕನಕರಾಜನಿಗೆ ಮೈಕು ಸಿಕ್ಕಿದೆ, ಬಂಧುಗಳೇ, ಭೋರ್ಗರೆಯುವ ಸಾಗರ, ಶತ್ರುಗಳು ಸುತ್ತುವರಿದ ಆ ಹೊತ್ತಿನಲ್ಲಿ — ಯಾವ ಶತ್ರು, ಹೆಣ ಎಳೆಯುತ್ತಿದ್ದೆವು — ನಮ್ಮ ಹುಲುಗೇಶಣ್ಣ ತಮ್ಮ ಪ್ರಾಣದ ಹಂಗು ತೊರೆದು ಕಮ್ ಬ್ಯಾಕ್, ಗಾಳೆಪ್ಪ, ಕಮ್ ಬ್ಯಾಕ್ ಅಂತ ಕೂಗಿದರೂ, ನಮ್ಮ ವೀರ ಗಾಳೆಪ್ಪ ಹಿಂದೆ ಸರಿಯಲಿಲ್ಲ, ಜೋರಾಗಿ ಚಪ್ಪಾಳೆ ಹೊಡೀರಿ, ಮೊಂಡುತನ ಕನಕರಾಜನ ಬಾಯಲ್ಲಿ ಶೌರ್ಯವಾಗುತ್ತದೆ, ಹುಲುಗೇಶ ಎದ್ದು ಮೈಕಿನ ಮುಂದೆ ನಿಲ್ಲುತ್ತಾನೆ, ಬಾಯಲ್ಲಿ ಎರಡು ಭಾಷಣಗಳಿವೆ, ಯಾವುದು ಹೊರಗೆ ಬರುತ್ತದೋ ಅವನಿಗೇ ಗೊತ್ತಿಲ್ಲ, ಎಲ್ಲರಿಗೂ ನಮಸ್ಕಾರ ಅನ್ನುತ್ತಾನೆ, ಗಾಳೆಪ್ಪ ಭಾಳ ಒಳ್ಳೇ ಹುಡುಗ ಅನ್ನುತ್ತಾನೆ, ನಾನು ಅವನನ್ನು ಕರೆದೆ ಅನ್ನುತ್ತಾನೆ, ಬಂತಲ್ಲ, ಹಳೆಯದೇ ಬಂತು, ಅದೇ ಸುಳ್ಳು ತಾನಾಗೇ ನಡೆದುಕೊಂಡು ಬಂತು, ಅಷ್ಟರಲ್ಲಿ ಹಿಂದಿನಿಂದ ಕುರ್ಚಿ ಸರಿದ ಸದ್ದು, ಹುಲುಗ್ಯಾ, ನಿಂದ್ರು ಸ್ವಲ್ಪ, ಅವಂಗ ಇಂಗ್ಲೀಷಿನ್ಯಾಗ ಯಾಕ ಕೂಗಿದಿ. ದ್ಯಾಮಕ್ಕ ಎದ್ದು ನಿಂತಿದ್ದಾಳೆ. ಫೋನ್ ಮಾಡಿದಾಗೆಲ್ಲ ಹೇಳ್ತಿದ್ನಲ್ಲ, ಅಕ್ಕಾ, ಹಡಗಿನ್ಯಾಗೂ ನಾವಿಬ್ರೂ ನಮ್ಮ ಮಾತೇ ಆಡ್ತೀವಿ ಅಂತ, ಜೀವ ಹೋಗೋ ಹೊತ್ತಿನ್ಯಾಗ ನಿಂಗ ಇಂಗ್ಲೀಷ್ ಎಲ್ಲಿಂದ ಬಂತು. ಕನಕರಾಜ, ಅಕ್ಕ ಕುಂದ್ರಬೇ, ಕಾರ್ಯಕ್ರಮ ನಡದೈತಿ, ನೀ ಸುಮ್ನಿರೋ ಅಧ್ಯಕ್ಷ, ಮುಂದಿನ ಸಾಲು ನಗುತ್ತದೆ, ಅವಳು ನಗುವುದಿಲ್ಲ. ಆರು ವರ್ಷ, ಮೂವರು ಅಧಿಕಾರಿಗಳು, ಒಬ್ಬರೂ ಕೇಳಿರಲಿಲ್ಲ, ಯಾವ ಭಾಷೆಯಲ್ಲಿ ಕೂಗಿದೆ ಅಂತ. ಮೈಕು ಗುಂಯ್ ಅನ್ನುತ್ತಿದೆ. ನಮ್ಮ ಮಾತಿನ್ಯಾಗೇ ಕೂಗಿದೆ ಅಕ್ಕ ಅನ್ನುತ್ತಾನೆ, ಏನಂತ, ಮೈಕಿನ ಕಂಬ ಹಿಡಿದುಕೊಳ್ಳುತ್ತಾನೆ, ಏನಂತ ಕೂಗಿದಿ ಹೇಳು, ಬಿಡು ಅಂದೆ.

ಆರು ವರ್ಷದ ಮೇಲೆ ಆ ಮಾತು ಬಾಯಿಂದ ಹೊರಗೆ ಬಂದಿದೆ, ಮೈಕು ಅದನ್ನು ಹೊಳೆಯವರೆಗೂ ಒಯ್ಯುತ್ತದೆ, ಹುಡುಗರಿಗೆ ಏನೂ ಅನಿಸಿಲ್ಲ, ಫೋನ್ ಹಿಡಿದು ವಿಡಿಯೋ ಮಾಡುತ್ತಲೇ ಇದ್ದಾರೆ, ಆದರೆ ನೀಲಿ ಪಂಚೆಯ ಅಜ್ಜ ತಲೆ ಎತ್ತಿದ್ದಾನೆ, ಅವನ ಪಕ್ಕದ ಇಬ್ಬರು ಮುದುಕರೂ, ಹರಿಗೋಲಿನವರು, ಅವರಿಗೆ ಇನ್ನೇನೂ ಹೇಳಬೇಕಾಗಿಲ್ಲ. ದ್ಯಾಮಕ್ಕ ಅವನ ಹತ್ತಿರಕ್ಕೆ ಬರುತ್ತಾಳೆ, ದನಿ ಏರಿಸುವುದಿಲ್ಲ, ಕೈಯಾಗ ಹಗ್ಗ ಇತ್ತೇನು, ಇತ್ತು, ಹಗ್ಗ ಹಿಡಿದಾಂವಗ ಬಿಡು ಅಂದಿ, ಅಂದೆ ಅಕ್ಕ, ಬಿಟ್ಟು ಬಾ ಅಂತ ಅಂದೆ, ಮುಟ್ಟಬ್ಯಾಡ ಬಾ ಅಂತ ನನ್ನ ಮನಸ್ಸಿನ್ಯಾಗ — ನಿನ್ನ ಮನಸ್ಸು ಅವಂಗೇನು ಕಾಣ್ತಿತ್ತು. ಅವಳು ಇನ್ನೂ ಹೋಗುತ್ತಿಲ್ಲ, ಇನ್ನೂ ಏನೋ ಇದೆ, ಕೇಳಬೇಡ ಅಕ್ಕ, ಇಷ್ಟೇ ಸಾಕು, ಇದಕ್ಕಿಂತ ಮುಂದಿನದನ್ನು ನಾನು ನನಗೇ ಹೇಳಿಕೊಂಡಿಲ್ಲ. ಅವ ಕೇಳಿದ್ನೇನು, ಅನ್ನುತ್ತಾಳೆ, ದಂಡ್ಯಾಗ ಹಗ್ಗ ಹಿಡಿದಾಂವ ಕೇಳಲಾರದ ಬಿಚ್ಚಂಗಿಲ್ಲ, ಬಿಡ್ಲಾ ಅಂತ ಕೇಳಬೇಕು, ಹುಟ್ಟು ಹಿಡಿದಾಂವ ಬಿಡು ಅಂತ ಇನ್ನೊಂದು ಸರ್ತಿ ಅಂದಮ್ಯಾಲೇ ಬಿಚ್ಚಬೇಕು, ಆರು ವರ್ಸದಾಂವ ಇದ್ದಾಗ ಕಪಾಳಕ್ಕ ಹೊಡದು ಕಲಿಸೀನಿ ಅವಂಗ, ಕೇಳಿದ್ನೋ ಇಲ್ಲೋ. ಗಾಳಿಯಿತ್ತು, ಎಂಜಿನ್ನಿನ ಸದ್ದಿತ್ತು, ಕೇಳಿಸಲಿಲ್ಲ ಅನ್ನಬಹುದು, ಯಾರೂ ಇಲ್ಲ ಅಲ್ಲಗಳೆಯಲು, ಅವನು ತಿರುಗಿ ನೋಡಿದ, ತುಟಿ ಅಲ್ಲಾಡಿತು, ಆ ತುಟಿ ಯಾವ ಶಬ್ದಕ್ಕೆ ಅಲ್ಲಾಡಿತು ಅಂತ ತಿಳಿಯಲು ಹೊಳೆದಂಡೆಯಲ್ಲಿ ಹುಟ್ಟಿದ ಯಾವನಿಗೂ ಕಿವಿ ಬೇಕಾಗಿಲ್ಲ. ಕೇಳಿದ ಅಕ್ಕ, ಅನ್ನುತ್ತಾನೆ. ಅವಳು ತಲೆಯಾಡಿಸುತ್ತಾಳೆ, ಜನರ ಕಡೆ ತಿರುಗುತ್ತಾಳೆ, ಕೇಳಿದ್ರೆಲ್ಲ, ನನ್ನ ತಮ್ಮ ಮಾತು ಮೀರಿಲ್ಲ, ಅಂದವಳೇ ವೇದಿಕೆಯ ಮೆಟ್ಟಿಲು ಇಳಿದು, ಚಪ್ಪಲಿ ಮೆಟ್ಟಿ, ಮನೆಯ ಕಡೆಗೆ, ಟ್ರಂಕಿನ ಕಡೆಗೆ, ಇವನ ಮುಖವನ್ನು ಇನ್ನೊಮ್ಮೆ ನೋಡದೆ ಹೋಗುತ್ತಾಳೆ, ಏನು ಮಾಡಬೇಕು ತಿಳಿಯದ ಕನಕರಾಜ ಚಪ್ಪಾಳೆ ತಟ್ಟುತ್ತಾನೆ, ಹುಡುಗರೂ ತಟ್ಟುತ್ತಾರೆ, ಮುದುಕರು ತಟ್ಟುವುದಿಲ್ಲ, ಹುಲುಗೇಶನ ಕೈ ಇನ್ನೂ ಮೈಕಿನ ಕಂಬದ ಮೇಲಿದೆ, ಬಿಸಿಲು, ಹನ್ನೊಂದೂವರೆ, ಗೂಟದಿಂದ ಹೊಗೆ, ಗಾಳೆಪ್ಪ ತಿರುಗುತ್ತಾನೆ, ಹೆದರಿಕೆಯಿಲ್ಲದ ಮುಖ, ಹೇಳಿದ್ದನ್ನು ಮಾಡಲು ಕಾದವನ ಮುಖ, ಬಿಡ್ಲಾಣ್ಣ, ಬಿಡಲೇ ಗಾಳ್ಯಾ, ಕಿತ್ತಳೆ ಕೈಗವಸು, ಒಂದು ಸುತ್ತು, ಎರಡು ಸುತ್ತು, ಕಿತ್ತಳೆ ಕೈಗವಸು